ಮಾತ್ರೆ ಮೊದಲು, ರಿಪೋರ್ಟ್ ಆಮೇಲೆ

ಬೆಳಗಾವಿಯ ಇತಿಹಾಸ ಬರೆದವರು ಕೋಟೆಯ ಬಗ್ಗೆ ಬರೆದಿದ್ದಾರೆ, ಕಮಲ ಬಸದಿಯ ಬಗ್ಗೆ ಬರೆದಿದ್ದಾರೆ, 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನದ ಬಗ್ಗೆಯಂತೂ ಬರೆದು ಮುಗಿದೇ ಇಲ್ಲ. ಈ ಊರಿನಿಂದ ಹೊರಟ ಮಲದ ಡಬ್ಬಿಗಳು, ರಕ್ತದ ಸೀಸೆಗಳು ಎಲ್ಲೆಲ್ಲಿಗೆ ಹೋದವು, ಎಷ್ಟು ದಿನಕ್ಕೆ ಉತ್ತರ ತಂದವು, ಉತ್ತರ ಬರುವ ಹೊತ್ತಿಗೆ ರೋಗಿ ಯಾವ ಔಷಧ ನುಂಗಿ ಎಲ್ಲಿದ್ದ ಎಂದು ಬರೆದದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಬೆಳಗಾವಿ ಪಕ್ಕದ ಸಾಂಬ್ರಾದವನು. ಬೆಳಗಾವಿಯ ಲ್ಯಾಬುಗಳಲ್ಲಿ ಕಲ್ಚರ್ ಮಾಡುತ್ತಲೇ ತಲೆ ಬೆಳ್ಳಗಾದ ಟೆಕ್ನಿಷಿಯನ್. ಡಾಕ್ಟರರಿಗೆ ಅವರ ಇತಿಹಾಸ ಇದೆ, ಸೂಜಿ ಮಾಡುವ ಸಿಸ್ಟರ್‌ಗೂ ಸ್ವಲ್ಪ ಇದೆ. ಹಿಂದಿನ ಕೋಣೆಯಲ್ಲಿ ಸ್ಪಿರಿಟ್ ದೀಪದ ಮುಂದೆ ಕೂತವರ ಪಾಲಿಗೆ ಬಂದದ್ದು ರಿಜಿಸ್ಟರ್ ಅಷ್ಟೇ, ಅದನ್ನೂ ಐದು ವರ್ಷಕ್ಕೊಮ್ಮೆ ರದ್ದಿಗೆ ಹಾಕುತ್ತಾರೆ.

ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಅಂದರೆ ಇವತ್ತಿನ ಹುಡುಗರಿಗೆ ಬೆಳಗಿನ ವಾಕಿಂಗ್‌ಗೆ ಹೋಗುವ ಮರಗಳ ತೋಪು. ಕಳೆದ ಶತಮಾನದ ಆರಂಭದಲ್ಲಿ ಅದು ಮುಂಬಯಿ ಪ್ರಾಂತಕ್ಕೆ ಸಿಡುಬಿನ ಲಸಿಕೆ ಮಾಡಿಕೊಡುತ್ತಿದ್ದ ಜಾಗ. ಕರುಗಳ ಹೊಟ್ಟೆ ಬೋಳಿಸಿ, ಗೀರು ಎಳೆದು, ಅಲ್ಲಿ ಎದ್ದ ಗುಳ್ಳೆಗಳ ರಸವನ್ನು ಗ್ಲಿಸರಿನ್‌ನಲ್ಲಿ ಕಲಸಿ ನಳಿಗೆಗಳಲ್ಲಿ ತುಂಬಿ ಕಳಿಸುತ್ತಿದ್ದರು. ನಮ್ಮೂರಿನ ತಂಪು ಹವೆ ಅದಕ್ಕೆ ಒಗ್ಗುತ್ತಿತ್ತು ಎಂದು ಹಳಬರು ಹೇಳುತ್ತಿದ್ದರು. ಅಂದರೆ ರೋಗ ತಡೆಯುವ ಸರಕು ಬೆಳಗಾವಿಯಿಂದ ಹೊರಗೆ ಹೋಗುತ್ತಿತ್ತು. ಯಾವ ರೋಗ ಎಂದು ಗುರುತಿಸುವ ಕೆಲಸಕ್ಕೆ ಮಾತ್ರ ಬೆಳಗಾವಿಯೇ ಹೊರಗೆ ಕೈ ಚಾಚಬೇಕಿತ್ತು.

ಆ ಕಾಲಕ್ಕೆ ನಮ್ಮ ಕಡೆಗೆ ಬ್ಯಾಕ್ಟೀರಿಯಾ ಎಂದರೆ ಮುಂಬಯಿಯ ಪರೇಲ್. ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿಯಲ್ಲಿ ತಾನೇ ಮಾಡಿದ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. 1899ರಲ್ಲಿ ಅವನ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂತು, 1925ರಲ್ಲಿ ಅದಕ್ಕೆ ಅವನ ಹೆಸರೇ ಬಿತ್ತು. ನಡುವೆ 1898ರಲ್ಲಿ ಪಕ್ಕದ ಹುಬ್ಬಳ್ಳಿಯಲ್ಲಿ ಸಾವಿರಾರು ಜನಕ್ಕೆ ಆ ಲಸಿಕೆ ಹಾಕಿದ್ದು ಜಗತ್ತಿನ ವೈದ್ಯಕೀಯ ಚರಿತ್ರೆಯಲ್ಲೇ ದಾಖಲಾಗಿದೆ. ರೈಲು ಆಗಲೇ ಬಂದಿತ್ತು. ಪುಣೆ, ಮೀರಜ್, ಬೆಳಗಾವಿ, ಖಾನಾಪುರ, ಲೋಂಡಾ ಎಂದು ಒಂದೇ ಹಳಿಯ ಮೇಲಿನ ಊರುಗಳು. ಔಷಧ, ಡಾಕ್ಟರು, ರೋಗ ಮೂರೂ ಅದೇ ಹಳಿ ಹಿಡಿದು ಓಡಾಡಿದವು. ಈಗಲೂ ನಮ್ಮ ಗಡಿ ಹಳ್ಳಿಗಳಲ್ಲಿ ‘ಜೋರಾಗೈತಿ’ ಅಂದರೆ ಮೀರಜ್‌ಗೆ ಒಯ್ಯುವ ರೂಢಿ ಪೂರ್ತಿ ಹೋಗಿಲ್ಲ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆಯ ಹೆಸರು ಅಷ್ಟು ಆಳಕ್ಕೆ ಇಳಿದಿದೆ.

ನನಗೆ ಕೆಲಸ ಕಲಿಸಿದವರೂ ಮೀರಜ್‌ನಲ್ಲಿ ಕಲಿತು ಬಂದವರು. ಎಲ್ಲರೂ ಅವರನ್ನು ಮಾಸ್ತರ ಅನ್ನುತ್ತಿದ್ದರು. ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಕಲಿಸುವ ಮನುಷ್ಯ. 1963ರಲ್ಲಿ ಕೆಎಲ್‌ಇ ಸಂಸ್ಥೆಯವರು ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ತೆರೆದ ಮೇಲೆ ಬೆಳಗಾವಿಯಲ್ಲಿ ಸೂಕ್ಷ್ಮಜೀವಿ ಶಾಸ್ತ್ರಕ್ಕೆ ಒಂದು ಮನೆ ಆಯಿತು, ಊರಿನ ಸಣ್ಣ ದೊಡ್ಡ ಆಸ್ಪತ್ರೆಗಳೂ ನಿಧಾನಕ್ಕೆ ಕಲ್ಚರ್ ಶುರು ಮಾಡಿದವು ಎಂದು ಅವರು ಹೇಳುತ್ತಿದ್ದರು. ಆದರೂ ಬೆಳೆದ ಸಾಲ್ಮೊನೆಲ್ಲಾದ ಕುಲಗೋತ್ರ ಖಚಿತ ಮಾಡಿಸಬೇಕೆಂದರೆ ಹಿಮಾಚಲದ ಕಸೌಲಿಯ ಕೇಂದ್ರಕ್ಕೆ ಪಾರ್ಸಲ್ ಕಟ್ಟಬೇಕಿತ್ತು. ಅಲ್ಲಿಂದ ಉತ್ತರ ಬಂದಾಗ ರೋಗಿಯ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಅದು ಶಾಸ್ತ್ರಕ್ಕೆ ಬೇಕಾದ ಉತ್ತರ, ಮಂಚದ ಮೇಲಿದ್ದವನಿಗಲ್ಲ.

ಟೈಫಾಯ್ಡ್ ಕಲ್ಚರ್ ಯಾಕೆ ತಡ ಎಂದು ಇವತ್ತಿಗೂ ಜನ ಕೇಳುತ್ತಾರೆ, ಸಿಟ್ಟಿನಿಂದಲೇ ಕೇಳುತ್ತಾರೆ. ಕಾರಣ ಸರಳ. ಜ್ವರದಲ್ಲಿ ಬೇಯುತ್ತಿರುವ ಮನುಷ್ಯನ ಒಂದು ಮಿಲಿಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಜೀವಂತ ಸಾಲ್ಮೊನೆಲ್ಲಾ ಇರುತ್ತವೆ, ಎಷ್ಟೋ ಸಲ ಅದೂ ಇರುವುದಿಲ್ಲ. ಅಷ್ಟನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ದೊಡ್ಡವರಿಂದ ಎಂಟು ಹತ್ತು ಮಿಲಿಲೀಟರ್ ರಕ್ತ ತೆಗೆದು, ಪಿತ್ತರಸ ಬೆರೆಸಿದ ಬ್ರಾತ್‌ಗೆ ಹಾಕಿ, ಇನ್‌ಕ್ಯುಬೇಟರಿನಲ್ಲಿ ಇಟ್ಟು, ಅವು ಮರಿ ಹಾಕುವ ತನಕ ಕಾಯಬೇಕು. ಸೋಮವಾರ ರಕ್ತ ಬಂದರೆ ಬುಧವಾರದ ಹೊತ್ತಿಗೆ ಬಾಟಲಿ ಮಬ್ಬಾಗುತ್ತದೆ. ಲೂಪಿನಿಂದ ಒಂದು ಹನಿ ಎತ್ತಿ ಮ್ಯಾಕಾಂಕಿ ಪ್ಲೇಟಿನ ಮೇಲೆ ಗೆರೆ ಎಳೆದರೆ ಗುರುವಾರ ಬಣ್ಣವಿಲ್ಲದ ಸಣ್ಣ ಕಾಲೊನಿಗಳು ಎದ್ದಿರುತ್ತವೆ. ಅಲ್ಲಿಂದ ಟಿಎಸ್‌ಐ ನಳಿಗೆಗೆ. ಮರುದಿನ ತಳ ಹಳದಿ, ಮೇಲೆ ಕೆಂಪು, ನಡುವೆ ಮೀಸೆ ಚಿಗುರಿದಂತೆ ಸಣ್ಣದೊಂದು ಕಪ್ಪು ಗೆರೆ ಕಂಡರೆ ಮಾಸ್ತರ ‘ಬಂದ ನೋಡ್ಲೇ ಪಾವ್ಹಣಾ’ ಅನ್ನುತ್ತಿದ್ದರು. ಗುರುವಾರವೇ ಇನ್ನೊಂದು ಪ್ಲೇಟಿನ ಮೇಲೆ ಹುಲ್ಲುಗಾವಲಾಗಿ ಬೆಳೆಯುವಂತೆ ಅದನ್ನು ಸವರಿ ಔಷಧದ ಡಿಸ್ಕ್ ಇಟ್ಟಿದ್ದರೆ ಶುಕ್ರವಾರ ಸ್ಕೇಲು ಹಿಡಿದು ಜೋನ್ ಅಳೆಯಬಹುದು. ಡಿಸ್ಕಿನ ಸುತ್ತ ಖಾಲಿ ವರ್ತುಲ ಅಗಲವಾಗಿದ್ದರೆ ಆ ಔಷಧ ನಾಟುತ್ತದೆ, ಡಿಸ್ಕಿನ ಅಂಚಿನ ತನಕ ಬೆಳೆ ಬಂದಿದ್ದರೆ ನಾಟುವುದಿಲ್ಲ. ಈ ಅಳತೆಗೆ ಬಾಯರ್, ಕರ್ಬಿ ಮೊದಲಾದವರು 1966ರಲ್ಲಿ ಪಕ್ಕಾ ವಿಧಾನ ಬರೆದುಕೊಟ್ಟರು. ಇಂದಿಗೂ ನಮ್ಮ ದೇಶದ ಬಹುಪಾಲು ಲ್ಯಾಬುಗಳ ಅನ್ನ ಅದೇ.

ಸೋಮವಾರದಿಂದ ಶುಕ್ರವಾರ. ಆ ಐದು ದಿನ ಡಾಕ್ಟರು ಕೈ ಕಟ್ಟಿ ಕೂರಲಾಗುತ್ತದೆಯೇ? ಅಂದಾಜಿನ ಮೇಲೆ ಮಾತ್ರೆ ಕೊಡುತ್ತಾರೆ. ಬಹಳ ವರ್ಷ ಆ ಅಂದಾಜು ತಪ್ಪುತ್ತಲೇ ಇರಲಿಲ್ಲ. ಕ್ಲೋರಾಂಫೆನಿಕಾಲ್ 1947ರಲ್ಲಿ ಸಿಕ್ಕಿತು, ಮರುವರ್ಷವೇ ಕ್ವಾಲಾಲಂಪುರದಲ್ಲಿ ಟೈಫಾಯ್ಡಿಗೆ ಅದು ಮದ್ದು ಎಂದು ಗೊತ್ತಾಯಿತು. ಅದಕ್ಕೆ ಮುಂಚೆ ಮೂರು ವಾರ, ನಾಲ್ಕು ವಾರ ಮಲಗಿಸಿ ಗಂಜಿ ನೀರು ಕುಡಿಸಿ ದೇವರ ಮೇಲೆ ಭಾರ ಹಾಕುತ್ತಿದ್ದ ಜ್ವರ, ಕ್ಯಾಪ್ಸೂಲಿಗೆ ನಾಲ್ಕೈದು ದಿನದಲ್ಲಿ ಇಳಿಯತೊಡಗಿತು. ನನ್ನ ಅವ್ವ ಕೊನೆಯ ತನಕ ಎಲ್ಲ ಜ್ವರಕ್ಕೂ ‘ಆ ಕಹಿ ಗುಳಗಿ’ಯನ್ನೇ ಕೇಳುತ್ತಿದ್ದಳು.

ಈ ಕತೆ ಕೆಡತೊಡಗಿದ್ದು ನಮ್ಮ ದಕ್ಷಿಣದಲ್ಲೇ. 1972ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನ ಜಯರಾಮ ಪಣಿಕ್ಕರ್ ಮತ್ತು ವಿಮಲಾ, ಕ್ಲೋರಾಂಫೆನಿಕಾಲ್‌ಗೆ ಜಗ್ಗದ ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ಹಿಡಿದು, ಆ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಮೆಕ್ಸಿಕೋದಲ್ಲಿ ಇದೇ ಬಗೆಯ ಟೈಫಾಯ್ಡ್ ಸಾವಿರಾರು ಜನರನ್ನು ಮಲಗಿಸಿತು. ಹೀಗೆ ದಾಟುವ ಗುಣ ಹೊಸದೇನೂ ಆಗಿರಲಿಲ್ಲ. 1950ರ ದಶಕದಲ್ಲಿ ಜಪಾನಿನ ಆಮಶಂಕೆ ರೋಗಿಗಳಲ್ಲಿ ಒಂದೇ ಸಲಕ್ಕೆ ನಾಲ್ಕು ಔಷಧಗಳನ್ನು ಧಿಕ್ಕರಿಸುವ ಶಿಗೆಲ್ಲಾ ಸಿಕ್ಕಿತ್ತು. ಹೊಟ್ಟೆಯಲ್ಲಿರುವ ನಿರುಪದ್ರವಿ ಇ. ಕೋಲೈ ಆ ಗುಣವನ್ನು ಶಿಗೆಲ್ಲಾಕ್ಕೆ ಕೊಡಬಲ್ಲದು, ಶಿಗೆಲ್ಲಾದಿಂದ ತೆಗೆದುಕೊಳ್ಳಲೂ ಬಲ್ಲದು ಎಂದು 1959ರಲ್ಲಿ ಅಲ್ಲಿನವರು ತೋರಿಸಿದ್ದರು. ನಮ್ಮ ಕರುಳು ಅಂದರೆ ಈ ಲೇವಾದೇವಿಯ ಸಂತೆ ಎಂದು ಆಗಲೇ ತಿಳಿದಿತ್ತು. ತಿಳಿದದ್ದು ಪುಸ್ತಕದಲ್ಲಿತ್ತು.

ಬೆಳಗಾವಿಯಲ್ಲಿ ನಾನು ಕಣ್ಣಾರೆ ಕಂಡದ್ದು ತೊಂಬತ್ತರ ಆಸುಪಾಸಿನಲ್ಲಿ. ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮೊಕ್ಸಜೋಲ್ ಮೂರೂ ಡಿಸ್ಕುಗಳ ಸುತ್ತ ಒತ್ತಾಗಿ ಬೆಳೆ. ಮೂರೂ ಒಟ್ಟಿಗೆ ಹೋಗಿದ್ದವು, ಯಾಕೆಂದರೆ ಮೂರರ ಜೀನುಗಳೂ ಒಂದೇ ಪ್ಲಾಸ್ಮಿಡ್ ಮೇಲೆ, ಅಂದರೆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ದಾಟಿಸುವ ಡಿಎನ್ಎ ಉಂಗುರದ ಮೇಲೆ, ಕೂತು ಬಂದಿದ್ದವು. ಪುಣ್ಯಕ್ಕೆ ಅದೇ ಹೊತ್ತಿಗೆ ಸಿಪ್ರೊಫ್ಲಾಕ್ಸಾಸಿನ್ ಅಂಗಡಿಗೆ ಬಂತು. ಬಂದ ಹೊಸದರಲ್ಲಿ ಅದು ದುಬಾರಿ, ಡಾಕ್ಟರು ಲೆಕ್ಕ ಹಾಕಿ ಬರೆಯುತ್ತಿದ್ದರು. ಕೆಲವೇ ವರ್ಷಗಳಲ್ಲಿ ನಮ್ಮ ಕಂಪನಿಗಳು ಅದನ್ನು ಅಗ್ಗ ಮಾಡಿದವು. ಖಡೇಬಜಾರಿನಿಂದ ಹಿಡಿದು ಸಂತೆಯೂರಿನ ಗೂಡಂಗಡಿಯ ತನಕ, ಭೇದಿ ಅಂದರೂ ಸಿಪ್ರೊ, ಉರಿಮೂತ್ರ ಅಂದರೂ ಸಿಪ್ರೊ, ಬರೀ ಮೈಕೈ ನೋವಿಗೂ ಸಿಪ್ರೊ.

ಆಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ನಮ್ಮ ಕಸುಬಿನಲ್ಲಿ ಇಂಥ ಪ್ರಸಂಗ ಇನ್ನೊಂದಿಲ್ಲ. ಪ್ಲೇಟಿನ ಮೇಲೆ ಸಿಪ್ರೊ ಜೋನ್ ಇಪ್ಪತ್ತೈದು ಮಿಲಿಮೀಟರ್. ಪಟ್ಟಿಯ ಪ್ರಕಾರ 21ಕ್ಕೆ ಮೇಲಿದ್ದರೆ ಔಷಧ ನಾಟುತ್ತದೆ, ಹಾಗೆಯೇ ಬರೆದು ಕಳಿಸುತ್ತಿದ್ದೆವು. ವಾರ್ಡಿನಿಂದ ಡಾಕ್ಟರು ಇಳಿದು ಬಂದು ‘ಏನ್ರೀ ನಿಮ್ಮ ರಿಪೋರ್ಟು, ಆರು ದಿನ ಆತು, ಜ್ವರ ಇಳಿಯಾಕ ಒಲ್ಲದು’ ಅನ್ನುತ್ತಿದ್ದರು. ರಿಪೋರ್ಟಿನಲ್ಲಿ ಲೆಕ್ಕ ಸರಿಯಿತ್ತು, ರೋಗಿಯ ಜ್ವರವೂ ಸುಳ್ಳಾಗಿರಲಿಲ್ಲ. ಗುಟ್ಟು ಬಿಟ್ಟುಕೊಟ್ಟದ್ದು ಎಲ್ಲರೂ ಮರೆತಿದ್ದ ನಾಲಿಡಿಕ್ಸಿಕ್ ಆಸಿಡ್ ಎಂಬ ಹಳೆಯ ಡಿಸ್ಕ್. ಸಿಪ್ರೊ ವಂಶದ ಅಜ್ಜ ಅದು, ಟೈಫಾಯ್ಡಿಗೆ ಯಾರೂ ಕೊಡುತ್ತಿರಲಿಲ್ಲ. ಅದೇ ಪ್ಲೇಟಿನಲ್ಲಿ ಅದನ್ನು ಇಟ್ಟರೆ ಸುತ್ತ ಒಂದಿಷ್ಟೂ ಖಾಲಿ ಜಾಗವಿಲ್ಲ. ಬ್ಯಾಕ್ಟೀರಿಯಾದ ‘ಜೈರ್‌ಎ’ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ನಾಲಿಡಿಕ್ಸಿಕ್ ಪೂರ್ತಿ ಸೋಲುತ್ತದೆ, ಸಿಪ್ರೊ ಅರ್ಧ ಸೋಲುತ್ತದೆ. ಆ ಅರ್ಧ ಸೋಲು ಪ್ಲೇಟಿನ ಮೇಲೆ ಗೆಲುವಿನಂತೆ ಕಾಣುತ್ತಿತ್ತು. ಕೊನೆಗೆ 2012ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಸಿಎಲ್‌ಎಸ್‌ಐ, ಟೈಫಾಯ್ಡಿಗೆ ಸಿಪ್ರೊ ಅಳತೆಯನ್ನು 21ರಿಂದ 31ಕ್ಕೆ ಏರಿಸಿತು. ಹಿಂದಿನ ವರ್ಷ ಪಾಸಾಗಿದ್ದ ಇಪ್ಪತ್ತೈದು ಮಿಲಿಮೀಟರ್ ಆ ವರ್ಷದಿಂದ ನಪಾಸು. ಬ್ಯಾಕ್ಟೀರಿಯಾ ಅದೇ, ಪ್ಲೇಟ್ ಅದೇ, ಸ್ಕೇಲೂ ಅದೇ.

ಇಷ್ಟೆಲ್ಲ ನಡೆಯುವಾಗ ಜನರ ಬಾಯಲ್ಲಿ ಇದ್ದದ್ದು ವಿಡಾಲ್. ಫ್ರಾನ್ಸಿನ ಫೆರ್ನಾಂಡ್ ವಿಡಾಲ್ 1896ರಲ್ಲಿ ಕಂಡುಹಿಡಿದ ಪರೀಕ್ಷೆ, ನಮ್ಮಲ್ಲಿ ಇನ್ನೂ ಬೆಳಗಿನಿಂದ ಸಂಜೆಯ ತನಕ ನಡೆದಿದೆ. ರಕ್ತದ ಸೀರಮ್‌ಗೆ ಬಣ್ಣದ ದ್ರಾವಣದ ಹನಿ ಹಾಕಿ ಗಾಜಿನ ಮೇಲೆ ಅಲುಗಿಸಿದರೆ ಮುಗಿಯಿತು. ಹಿಂದೆ ಯಾವಾಗಲೋ ಬಂದ ಜ್ವರಕ್ಕೂ ಅದು ಹೌದು ಅನ್ನಬಹುದು, ಈ ವಾರ ಬಂದದ್ದಕ್ಕೆ ಇಲ್ಲ ಅನ್ನಬಹುದು. ಆಮೇಲೆ ಬಂದ ಪಟ್ಟಿ ಪರೀಕ್ಷೆಗಳು ಇನ್ನೂ ಬೇಗ, ಕಾಲು ಗಂಟೆಯಲ್ಲಿ ಎರಡು ಗೆರೆ. ಇವೆಲ್ಲ ಟೈಫಾಯ್ಡ್ ಹೌದೋ ಅಲ್ಲವೋ ಎಂಬುದಕ್ಕೆ ಉತ್ತರ ಕೊಡುತ್ತವೆ, ಅದನ್ನೂ ಅರೆಮನಸ್ಸಿನಿಂದ. ಯಾವ ಮಾತ್ರೆ ಕೊಡಬೇಕು ಎಂಬ ಪ್ರಶ್ನೆಗೆ ಅವುಗಳ ಹತ್ತಿರ ಉತ್ತರವೇ ಇಲ್ಲ. ಬೇಗ ಸಿಕ್ಕ ಉತ್ತರ ಬೇರೆ ಪ್ರಶ್ನೆಯದ್ದಾದರೆ ಅದರಿಂದ ಏನು ಲಾಭ?

ವಿಡಾಲ್‌ನಿಂದ ಒಂದೇ ಒಂದು ಉಪಕಾರ ಆಯಿತು. ಸೀರಮ್ ತೆಗೆದ ಮೇಲೆ ನಳಿಗೆಯ ತಳದಲ್ಲಿ ಹೆಪ್ಪುಗಟ್ಟಿದ ರಕ್ತ ಉಳಿಯುತ್ತದೆ, ಅದನ್ನು ಎಸೆಯುತ್ತಿದ್ದೆವು. ಆ ಹೆಪ್ಪನ್ನೇ ಒಡೆದು ಕಲ್ಚರಿಗೆ ಹಾಕಿದರೆ ಇಡೀ ರಕ್ತದ ಕಲ್ಚರಿಗಿಂತ ಹೆಚ್ಚು ಸಲ, ಬೇಗ ಬ್ಯಾಕ್ಟೀರಿಯಾ ಸಿಗುತ್ತದೆ ಎಂದು ನಮ್ಮ ವಿಜಯಪುರ–ಬೆಳಗಾವಿ ಕಡೆಯ ಸೂಕ್ಷ್ಮಜೀವಿ ತಜ್ಞ ಬಸಪ್ಪ ಮಂಟೂರ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯಾವನ್ನು ಕೊಲ್ಲುವ ರಕ್ತದ ಅಂಶಗಳು ಸೀರಮ್ ಜೊತೆ ಹೊರಟುಹೋಗುತ್ತವೆ ಎಂಬುದು ಅದರ ಹಿಂದಿನ ತರ್ಕ. ರೋಗಿಗೆ ಇನ್ನೊಂದು ಸಲ ಸೂಜಿ ಚುಚ್ಚುವ ಕೆಲಸವಿಲ್ಲ, ಹೊಸ ಯಂತ್ರ ಬೇಡ. ಇಂಥದ್ದು ಹೊರಗಿನ ಕಂಪನಿಯ ಹೆಸರು ಹೊತ್ತು ಬಂದಿದ್ದರೆ ಊರೂರಿಗೂ ಹರಡಿರುತ್ತಿತ್ತು ಎಂದು ನನಗೆ ಅನ್ನಿಸುವುದುಂಟು.

ಕಾಲರಾದ ಲೆಕ್ಕ ಬೇರೆ. ಅಲ್ಲಿ ಮಲದಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತವೆ, ಕ್ಷಾರದ ಪೆಪ್ಟೋನ್ ನೀರಿಗೆ ಹಾಕಿದರೆ ಆರು ತಾಸಿನಲ್ಲಿ ಮೇಲೆ ತೇಲಿ ಬರುತ್ತವೆ, ಟಿಸಿಬಿಎಸ್ ಪ್ಲೇಟಿನಲ್ಲಿ ಮರುದಿನವೇ ಹಳದಿ ಕಾಲೊನಿ. ರೋಗಿಯನ್ನು ಉಳಿಸುವುದು ನಮ್ಮ ಪ್ಲೇಟಲ್ಲ, ಉಪ್ಪು ಸಕ್ಕರೆಯ ನೀರು ಮತ್ತು ಸಲೈನ್. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಾಲನಬೀಸ್ ಅದನ್ನು ಜಗತ್ತಿಗೇ ತೋರಿಸಿಕೊಟ್ಟರು. ಲ್ಯಾಬಿನ ಅವಸರ ಇರುವುದು ಊರಿಗಾಗಿ. ಯಾವ ಬಾವಿ, ಯಾವ ಪೈಪು, ಜಾತ್ರೆ ನಿಲ್ಲಿಸಬೇಕೋ ಬೇಡವೋ. ನಮ್ಮ ಭಾಗದಲ್ಲಿ ಲಕ್ಷ್ಮಿ ಜಾತ್ರೆ ಅಂದರೆ ಹತ್ತಾರು ವರ್ಷಕ್ಕೊಮ್ಮೆ ಊರಿಗೆ ಊರೇ ನೆಂಟರಿಂದ ತುಂಬುತ್ತದೆ, ಒಂದು ಮನೆಯ ಬಚ್ಚಲಿಗೆ ಐವತ್ತು ಜನ. ಸಾಂಬ್ರಾದಲ್ಲೂ ಹಾಗೇ. ನನ್ನ ಅಜ್ಜಿ ಪಂಢರಪುರದ ವಾರಿಗೆ ಹೊರಟಾಗ ಮೊದಲು ಕಾಲರಾ ಸೂಜಿ, ಆಮೇಲೆ ವಿಠ್ಠಲ. ತೋಳು ಊದಿಸಿಕೊಂಡೇ ಅಭಂಗ ಹಾಡುತ್ತಿದ್ದಳಂತೆ. ಊರಿನ ಕೊಳೆಯನ್ನೆಲ್ಲ ಹೊತ್ತು ಭತ್ತದ ಗದ್ದೆಗಳ ನಡುವೆ ಹರಿಯುವ ಬಳ್ಳಾರಿ ನಾಲಾ ಮಳೆಗಾಲಕ್ಕೆ ಉಕ್ಕಿದಾಗ ನಮ್ಮ ರಿಜಿಸ್ಟರಿನಲ್ಲಿ ಪುಟಗಳು ಬೇಗ ಬೇಗ ತಿರುಗುತ್ತಿದ್ದವು.

2006ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಕೇಂದ್ರ ಬೆಳಗಾವಿಗೆ ಬಂತು. ಈಗ ಅದರ ಹೆಸರು ಸಾಂಪ್ರದಾಯಿಕ ವೈದ್ಯ ಪದ್ಧತಿಯ ರಾಷ್ಟ್ರೀಯ ಸಂಸ್ಥೆ. ಗಿಡಮೂಲಿಕೆಯ ಹೆಸರು ಹೊತ್ತ ಆ ಮನೆಯಲ್ಲಿ ಭೇದಿ ರೋಗಗಳ ಬಗ್ಗೆ ಗಟ್ಟಿ ಕೆಲಸ ನಡೆದಿದೆ. ಬೆಳಗಾವಿಯ ಕಾಲರಾ ಬ್ಯಾಕ್ಟೀರಿಯಾ ಹಲವು ಔಷಧಗಳಿಗೆ ಒಟ್ಟಿಗೇ ಬಗ್ಗುತ್ತಿಲ್ಲ ಎಂಬ ವರದಿ ಅಲ್ಲಿಂದಲೇ 2012ರಲ್ಲಿ ಪ್ರಕಟವಾಯಿತು. ಅಷ್ಟರ ಮಟ್ಟಿಗೆ ಪರೇಲ್, ಕಸೌಲಿಗಳ ಹಂಗು ತಪ್ಪಿತು. ನಮ್ಮ ನೀರಿನ ಬ್ಯಾಕ್ಟೀರಿಯಾದ ಜಾತಕ ನಮ್ಮ ಊರಲ್ಲೇ ಬರೆಯುವಂತಾಯಿತು.

ಇನ್ನು ವೇಗದ ಮಾತು. ಮಾಸ್ತರರಿಗೆ ಒಂದು ಅಭ್ಯಾಸವಿತ್ತು. ಮಗು ಬಹಳ ಬಳಲಿದೆ ಎಂದು ಗೊತ್ತಾದರೆ ಬಾಟಲಿ ಮಬ್ಬಾದ ಸಂಜೆಯೇ, ಕಾಲೊನಿಗಾಗಿ ಕಾಯದೆ, ಆ ದ್ರವವನ್ನೇ ನೇರವಾಗಿ ಪ್ಲೇಟಿಗೆ ಸವರಿ ಡಿಸ್ಕ್ ಇಡುತ್ತಿದ್ದರು. ಬೆಳಿಗ್ಗೆ ಹಾಲಿನವನಿಗಿಂತ ಮುಂಚೆ ಬಂದು ನೋಡಿ, ವಾರ್ಡಿಗೆ ಹೋಗಿ ಬಾಯಿಮಾತಿನಲ್ಲಿ ಹೇಳಿ ಬರುತ್ತಿದ್ದರು. ‘ಕಚ್ಚಾ ರಿಪೋರ್ಟ್ ಇದು, ಕಾಗದಕ್ಕ ಬರಂಗಿಲ್ಲ.’ ಪುಸ್ತಕದ ಪ್ರಕಾರ ಅದು ತಪ್ಪು, ಎಷ್ಟು ಬ್ಯಾಕ್ಟೀರಿಯಾ ಸವರಿದೆವು ಎಂಬ ಲೆಕ್ಕ ಅದರಲ್ಲಿಲ್ಲ. ಯುರೋಪಿನ ಯೂಕಾಸ್ಟ್ ಸಮಿತಿ 2018ರಲ್ಲಿ ಅದಕ್ಕೇ ಲೆಕ್ಕ ಕಟ್ಟಿಕೊಟ್ಟಿತು. ಪಾಸಿಟಿವ್ ಬಾಟಲಿಯಿಂದ ನೇರವಾಗಿ ಇಷ್ಟೇ ಅಳತೆಯ ರಕ್ತ ತೆಗೆದು ಪ್ಲೇಟಿಗೆ ಹರಡಿ, ನಾಲ್ಕು, ಆರು, ಎಂಟು ತಾಸಿಗೆ ಜೋನ್ ಅಳೆಯಿರಿ ಎಂದು ಪ್ರತಿ ತಾಸಿಗೂ ಬೇರೆ ಬೇರೆ ಪಟ್ಟಿ ಕೊಟ್ಟಿತು. ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮೊದಲಾದ ಕೆಲವಕ್ಕೆ ಮಾತ್ರ ಆ ಪಟ್ಟಿ, ಟೈಫಾಯ್ಡಿಗೆ ಅಲ್ಲ. ಆದರೂ ಅದನ್ನು ಓದಿದ ದಿನ ನನಗೆ ಮಾಸ್ತರರ ಬೈಗುಳ ಕಿವಿಯಲ್ಲಿ ಕೇಳಿಸಿತು. ಬದುಕಿದ್ದರೆ ಸಮಿತಿಗೂ ನಾಲ್ಕು ಮಾತು ಮರಾಠಿಯಲ್ಲಿ ಅಂದಿರುತ್ತಿದ್ದರು.

ಬಣ್ಣದ ಪರೀಕ್ಷೆಗಳಂತೂ ನೋಡಲೇ ಚೆಂದ. ಕಾರ್ಬಪೆನೆಮ್ ಎಂಬ ಕೊನೆಯ ಸಾಲಿನ ಸೂಜಿಗಳನ್ನು ಒಡೆಯುವ ಕಿಣ್ವ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಹರಡಿದೆ. ಅದರಲ್ಲೊಂದಕ್ಕೆ ನಮ್ಮ ದಿಲ್ಲಿಯ ಹೆಸರೇ ಅಂಟಿ 2010ರ ಸುಮಾರಿಗೆ ಸಂಸತ್ತಿನ ತನಕ ಗಲಾಟೆಯಾಯಿತು. 2012ರಲ್ಲಿ ನಾರ್ಡ್‌ಮನ್ ಮತ್ತು ಪೊಯಿರೆಲ್ ಕೊಟ್ಟ ಉಪಾಯ ಇದು: ಕಾಲೊನಿಯನ್ನು ಅರೆದು, ಇಮಿಪೆನೆಮ್ ಔಷಧ ಮತ್ತು ಫಿನಾಲ್ ರೆಡ್ ಇರುವ ನಳಿಗೆಗೆ ಹಾಕಿ. ಕಿಣ್ವ ಇದ್ದರೆ ಔಷಧ ಒಡೆದು ಆಮ್ಲವಾಗುತ್ತದೆ, ಕೆಂಪು ದ್ರವ ಎರಡು ತಾಸಿನೊಳಗೆ ಹಳದಿಗೆ ತಿರುಗುತ್ತದೆ. ಬೆಳೆಯುವ ತನಕ ಕಾಯುವ ಬದಲು ಬ್ಯಾಕ್ಟೀರಿಯಾ ಏನು ಮಾಡುತ್ತಿದೆ ಎಂದು ಆಗಲೇ ಹಿಡಿಯುವ ದಾರಿ. ಪಿಸಿಆರ್ ಇನ್ನೂ ಮುಂದೆ ಹೋಗಿ ಜೀನನ್ನೇ ಹುಡುಕುತ್ತದೆ. ಮಲದ ಒಂದೇ ಮಾದರಿಯಲ್ಲಿ ಇಪ್ಪತ್ತೆರಡು ರೋಗಾಣುಗಳನ್ನು ಒಂದು ತಾಸಿನಲ್ಲಿ ಹುಡುಕುವ ಯಂತ್ರ 2014ರಿಂದ ಇದೆ. ಅದೂ ಮತ್ತೆ ಹೆಸರು ಹೇಳುತ್ತದೆ, ಔಷಧ ಹೇಳುವುದಿಲ್ಲ. ಅದರ ಮೇಲೆ ಭರವಸೆ ಇಟ್ಟು ಕಲ್ಚರ್ ಬಿಟ್ಟರೆ ಡಿಸ್ಕ್ ಇಡಲು ಬ್ಯಾಕ್ಟೀರಿಯಾವೇ ಕೈಯಲ್ಲಿ ಇರುವುದಿಲ್ಲ. ಟೈಫಾಯ್ಡಿನ ರಕ್ತಕ್ಕೆ ಪಿಸಿಆರ್ ಹಾಕಿದರೂ ಮಿಲಿಲೀಟರಿಗೆ ಒಂದೇ ಒಂದು ಇರುವ ಆ ಜೀವಿಯನ್ನು ಅದು ಎಲ್ಲಿಂದ ಹುಡುಕೀತು? ಹಾಗಾಗಿ ಎಷ್ಟೇ ಜಾಣ ಯಂತ್ರ ಬಂದರೂ ಮೊದಲ ಒಂದು ರಾತ್ರಿ ಇನ್‌ಕ್ಯುಬೇಟರಿಗೇ ಮೀಸಲು.

ನನ್ನ ತಕರಾರು ಅದರ ಬಗ್ಗೆ ಅಲ್ಲ. ಲ್ಯಾಬಿನ ಬಾಗಿಲ ಒಳಗೆ ನಾವು ಐದು ದಿನವನ್ನು ಎರಡಕ್ಕೆ ಇಳಿಸಿದ್ದೇವೆ. ಬಾಗಿಲ ಹೊರಗಿನ ದಿನಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಖಾನಾಪುರ ತಾಲೂಕಿನ ಕನಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಅಲ್ಲಿಂದ ಬೆಳಗಾವಿಗೆ ಐವತ್ತು ಕಿಲೋಮೀಟರು ಆಸುಪಾಸು. ಆಮಗಾಂವ, ಗವಾಳಿಯಂಥ ಕಾಡೂರುಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಹೊತ್ತೇ ಡಾಂಬರು ರಸ್ತೆಗೆ ತರಬೇಕು. ಅಂಥ ಕಡೆಯಿಂದ ಜ್ವರದವನು ಬರುವಾಗಲೇ ಮೊ​ದಲು ಮನೆಯ ಕಷಾಯ, ಆಮೇಲೆ ಊರ ಡಾಕ್ಟರನ ಸೂಜಿ, ಆಮೇಲೆ ಖಾನಾಪುರದಲ್ಲಿ ಎರಡು ದಿನದ ಗುಳಿಗೆ ಎಲ್ಲ ಆಗಿರುತ್ತದೆ. ಆ ಎರಡು ದಿನದ ಗುಳಿಗೆ ರೋಗ ವಾಸಿ ಮಾಡುವುದಿಲ್ಲ, ನನ್ನ ಬಾಟಲಿಯಲ್ಲಿ ಬೆಳೆಯಬೇಕಿದ್ದ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುತ್ತದೆ. ನಮ್ಮ ರಿಜಿಸ್ಟರಿನಲ್ಲಿ ‘ನೋ ಗ್ರೋತ್’ ಎಂದು ಬರೆದ ಸಾಲುಗಳಲ್ಲಿ ಎಷ್ಟು ಜನ ಟೈಫಾಯ್ಡಿನವರು ಅಡಗಿದ್ದಾರೋ ದೇವರೇ ಬಲ್ಲ. ಬಾಟಲಿಯನ್ನೇ ಹಳ್ಳಿಗೆ ಕಳಿಸಬಹುದು, ಮೊದಲ ಗುಳಿಗೆಗೆ ಮುಂಚೆ ರಕ್ತ ತೆಗೆಯಬಹುದು, ಅದಕ್ಕೆ ಫ್ರಿಜ್ಜೂ ಬೇಡ. ಫ್ರಿಜ್ಜಿನಲ್ಲಿ ಇಡಲೇಬಾರದು, ಮನೆಯ ಕಪಾಟಿನ ಬೆಚ್ಚನೆ ಸಾಕು. ಆದರೆ ಕಲೆಕ್ಷನ್ ಹುಡುಗರು ಎಲ್ಲವನ್ನೂ ಐಸ್ ಡಬ್ಬಿಗೆ ತುರುಕುತ್ತಾರೆ. ಖಾಸಗಿ ಡಬ್ಬಿಗಳು ರಾತ್ರಿ ಬಸ್ಸಿಗೆ ಬೆಂಗಳೂರು, ಮುಂಬಯಿಗೆ ಹೊರಡುತ್ತವೆ, ಕೆಲವು ನಮ್ಮೂರ ವಿಮಾನ ನಿಲ್ದಾಣದಿಂದಲೇ ಹಾರುತ್ತವೆ. 1942ರಲ್ಲಿ ಯುದ್ಧಕ್ಕೆಂದು ಮಾಡಿದ ಆ ಓಡುದಾರಿಯ ಪಕ್ಕದ ಹೊಲದಲ್ಲಿ ನಿಂತರೆ ಸಾಂಬ್ರಾದವರ ರಕ್ತ ತಲೆಯ ಮೇಲೆ ಹಾದುಹೋಗುತ್ತದೆ. ವಿಮಾನ ಒಂದು ತಾಸು, ರಿಪೋರ್ಟ್ ಮತ್ತೆ ನಾಲ್ಕು ದಿನ. ಇಷ್ಟೆಲ್ಲ ಆದ ಮೇಲೆ ಪರೇಲಿನ ಹಂಗು ತಪ್ಪಿತು ಎಂದೆನಲ್ಲ, ಅದನ್ನು ಅರ್ಧ ಮಾತ್ರ ನಂಬಿ.

ಸದ್ಯ ಟೈಫಾಯ್ಡಿಗೆ ಬಾಯಿಂದ ಕೊಡುವ ಭರವಸೆಯ ಗುಳಿಗೆ ಅಜಿತ್ರೊಮೈಸಿನ್ ಒಂದೇ ಅನ್ನಬೇಕು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಸೆಫ್ಟ್ರಿಯಾಕ್ಸೋನ್ ಸೂಜಿಗೂ ಬಗ್ಗದ ಟೈಫಾಯ್ಡ್ ಶುರುವಾಯಿತು, ಅಲ್ಲಿ ಹೊರರೋಗಿಗಳಿಗೆ ಉಳಿದದ್ದೂ ಇದೇ ಗುಳಿಗೆ. ಇದರದ್ದೇ ಇನ್ನೊಂದು ಕತೆ ಬೆಳಗಾವಿಯಲ್ಲಿ ನಡೆದಿದೆ. ಹೆರಿಗೆ ನೋವು ಶುರುವಾದಾಗ ಒಂದೇ ಸಲ ಎರಡು ಗ್ರಾಂ ಅಜಿತ್ರೊಮೈಸಿನ್ ಕೊಟ್ಟರೆ ತಾಯಿಗೆ ನಂಜು ಏರುವುದು ತಪ್ಪುತ್ತದೆಯೇ ಎಂದು ಏಳು ದೇಶಗಳ 29,278 ಗರ್ಭಿಣಿಯರಲ್ಲಿ ನೋಡಿದರು. ನಮ್ಮ ನೆಹರು ಮೆಡಿಕಲ್ ಕಾಲೇಜು ಅದರ ಒಂದು ಕೇಂದ್ರ. 2023ರಲ್ಲಿ ಫಲಿತಾಂಶ ಬಂತು: ನಂಜು ಅಥವಾ ಸಾವು ಗುಳಿಗೆ ಪಡೆದವರಲ್ಲಿ ನೂರಕ್ಕೆ 1.6, ಪಡೆಯದವರಲ್ಲಿ 2.4. ಒಳ್ಳೆಯ ಫಲಿತಾಂಶವೇ, ನನ್ನ ಸೊಸೆಗೆ ಕೊಟ್ಟರೂ ಬೇಡ ಅನ್ನಲಾರೆ. ಆದರೆ ಅದೇ ಗುಳಿಗೆ ಪ್ರತಿ ಹೆರಿಗೆ ಕೋಣೆಗೂ ಹೋಗುವುದಾದರೆ, ಅದೇ ತಾಲೂಕಿನ ಭೇದಿ, ಜ್ವರಗಳ ಬ್ಯಾಕ್ಟೀರಿಯಾದ ಮೇಲೆ ಅದರ ಡಿಸ್ಕನ್ನೂ ತಿಂಗಳು ತಿಂಗಳು ಇಟ್ಟು ನೋಡುವವರು ಇರಬೇಕು. ಬೆಳಗಾವಿಯಲ್ಲಿ ಅದನ್ನು ಮಾಡಬಲ್ಲ ಕೈಗಳಿವೆ, ಖಾನಾಪುರದಿಂದ ಸೀಸೆ ಬರಬೇಕು ಅಷ್ಟೇ.

ಹಳೆಯ ಕ್ಲೋರಾಂಫೆನಿಕಾಲ್ ಮರಳಿ ಬಂದಿದೆ ಎಂಬುದನ್ನು ಹೇಳದಿದ್ದರೆ ಈ ಬರಹ ಮುಗಿಯುವುದಿಲ್ಲ. ಜನ ಅದನ್ನು ನುಂಗುವುದು ಬಿಟ್ಟ ಮೇಲೆ ಆ ಪ್ಲಾಸ್ಮಿಡ್ ಹೊತ್ತು ತಿರುಗುವುದರಿಂದ ಬ್ಯಾಕ್ಟೀರಿಯಾಕ್ಕೂ ಲಾಭವಿಲ್ಲವಾಯಿತು. ದೇಶದ ಅನೇಕ ಆಸ್ಪತ್ರೆಗಳಲ್ಲಿ ಟೈಫಾಯ್ಡ್ ಪ್ಲೇಟಿನ ಮೇಲೆ ಅದರ ಸುತ್ತ ಮತ್ತೆ ಅಗಲವಾದ ಖಾಲಿ ವರ್ತುಲ ಕಾಣುತ್ತಿದೆ. ರಕ್ತ ಹುಟ್ಟುವ ಮಜ್ಜೆಯನ್ನೇ ಒಣಗಿಸುವ ಅಪಾಯ ಎಲ್ಲೋ ಒಬ್ಬರಿಗೆ ಇರುವುದರಿಂದ ಡಾಕ್ಟರು ಬರೆಯಲು ಹಿಂಜರಿಯುತ್ತಾರೆ, ಅದು ನ್ಯಾಯವೇ. ಅಂಗಡಿಯವರು ಇಡುವುದನ್ನೇ ಬಿಟ್ಟಿದ್ದಾರೆ. ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಈಗ ಊರಿನ ಒಂದು ಲ್ಯಾಬಿನಲ್ಲಿ ಕಲ್ಚರ್ ನೋಡಿಕೊಳ್ಳುತ್ತಾಳೆ. ಅವಳನ್ನು ಕೇಳಿದೆ, ಆ ಡಿಸ್ಕ್ ಇಡ್ತೀಯೇನವ್ವ ಅಂತ. ‘ಔಷಧಾನ ಸಿಗಂಗಿಲ್ಲರಿ ಸರ್, ಡಿಸ್ಕ್ ಇಟ್ಟು ಏನ್ ಮಾಡೂದು?’ ಅಂದಳು. ವರ್ಷಕ್ಕೊಂದು ಸಣ್ಣ ಡಬ್ಬಿ ಸಾಕು, ಇಟ್ಟು ಬರೆದಿಡು ಎಂದೆ. ಮುಂದಿನ ಇಂಡೆಂಟಿನಲ್ಲಿ ಸೇರಿಸಿದ್ದಾಳೆ. ಸ್ಟೋರಿನವರು ಇದು ಯಾಕೆ ಬೇಕು ಎಂದು ಕಾಗದ ವಾಪಸು ಕಳಿಸಿದ್ದಾರೆ, ಕಾರಣ ಬರೆದು ಮತ್ತೆ ಕಳಿಸಬೇಕು.